ಗುರುಪುತ್ರಪ್ಪನ ಹನ್ನೆರಡು ಇಂಚಿನ ಸ್ಪೀಕರು

ಗುರುಪುತ್ರಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಲು ಹೋದರೆ ಕಿವಿ ಕೆಂಪಾಗುತ್ತಿತ್ತು, ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅಂಥವನು ಐವತ್ತನೆಯ ವಯಸ್ಸಿನಲ್ಲಿ ಒಂದೇ ಒಂದು ಸುಳ್ಳು ಹೇಳಿದ. ಅಷ್ಟಕ್ಕೇ ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ವಾರ್ಡು ಎದ್ದು ಕುಣಿಯಿತು, ಆರು ವರ್ಷದಿಂದ ಕಟ್ಟಿಕೊಂಡಿದ್ದ ಗಟಾರ ಹರಿಯಿತು, ಎರಡು ಟೆಂಪೋ ತುಂಬ ಜನ ಖಾನಾಪುರಕ್ಕೆ ಹೊರಟರು. ದಿನಕ್ಕೆ ಹತ್ತು ಸುಳ್ಳು ಹೇಳುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ, ಅವರಿಂದ ಒಂದು ಗಟಾರವೂ ಹರಿದದ್ದಿಲ್ಲ.

ವಿಷಯ ಇಷ್ಟು. ಇಪ್ಪತ್ತೈದು ವರ್ಷದ ಹಿಂದೆ ಅವನು ಖಾನಾಪುರದ ನಾಗರತ್ನಾಳನ್ನು ಮದುವೆಯಾದಾಗ, ಹುಡುಗ ಗಿಟಾರ್ ಬಾರಿಸುತ್ತಾನೆ ಎಂಬ ಸುದ್ದಿ ಹೆಣ್ಣಿನ ಕಡೆಯ ಕಟ್ಟಕಡೆಯ ಅಜ್ಜಿಗೂ ಮುಟ್ಟಿತ್ತು. ಮುಟ್ಟಿಸಿದವನು ಸ್ವತಃ ಗುರುಪುತ್ರಪ್ಪ. ಮದುವೆಯ ಸಂಜೆ ಹಂದರದಲ್ಲಿ ಮಂದಿ ಕೂತರು. ಅವನು ಗಿಟಾರನ್ನು ಕೊರಳಿಗೆ ಹಾಕಿಕೊಂಡ, ಆಂಪ್ಲಿಫೈಯರಿನ ಗುಂಡಿಯನ್ನು ತಿರುಗುವಷ್ಟೂ ತಿರುವಿದ, ತಂತಿ ಮೀಟಿದ. ಪೆಟ್ಟಿಗೆಯೊಳಗಿನ ಸ್ಪೀಕರು ಫಟ್ ಎಂದು ಹರಿದು ಹೊಗೆಯಾಡಿತು. ಆಗಿನ್ನೂ ಮೀಸೆ ಮೂಡದ ಭಾವಮೈದುನ ಮೈಲಾರಲಿಂಗ "ಬೆಂಕಿ, ಬೆಂಕಿ!" ಎಂದು ಒದರಿ ಒಂದು ಕೊಡ ನೀರು ಸುರಿದ. ಮದುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಗಂಡನ ಮುಖ ನೋಡಿ ಪಾಪ ಅನಿಸಿತೇನೋ, "ಇರಲಿ ಬಿಡ್ರಿ. ಮುಂದ ಯಾವಾಗರೆ ಬಾರಸ್ರಿ, ನಾ ಕೇಳತೇನಿ" ಎಂದಳು.

ಆ ಮುಂದಿನ ದಿನ ಬರಲೇ ಇಲ್ಲ. ಸಂಸಾರ ಬಂತು, ಟಿಳಕವಾಡಿಯಲ್ಲಿ ಕನ್ನಡಕದ ಅಂಗಡಿ ಬಂತು, ತಲೆಯ ಮೇಲಿನ ಕೂದಲು ಹೋಯಿತು. ಗಿಟಾರು, ಆಂಪ್ಲಿಫೈಯರು, ಸ್ಪೀಕರಿನ ಪೆಟ್ಟಿಗೆ ಮೂರೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಫ್ರೇಮುಗಳ ಕೆಳಗೆ ಮಲಗಿದ್ದವು. ಈಗ ಬರುವ ರವಿವಾರ ಮದುವೆಗೆ ಇಪ್ಪತ್ತೈದು ತುಂಬಲಿತ್ತು. ಮೈಲಾರಲಿಂಗ ಖಾನಾಪುರದಲ್ಲಿ ಊಟ ಇಟ್ಟುಕೊಂಡಿದ್ದ. ಅದೇ ಮಂದಿಯ ಎದುರು, ನಾಗರತ್ನಾಳಿಗೆಂದೇ ಆಗ ಕಟ್ಟಿದ್ದ ಧಾಟಿಯನ್ನು ಅವಳಿಗೆ ಕೇಳಿಸಿಯೇ ಸೈ ಎಂದು ಗುರುಪುತ್ರಪ್ಪ ಪಣ ತೊಟ್ಟ. ಅಲ್ಲಿಯ ತನಕ ಅವಳಿಗೆ ಸುಳಿವು ಹತ್ತಬಾರದು. ಈ ಸಲ ಫಟ್ ಅನ್ನಲೂ ಬಾರದು.

ಆಂಪ್ಲಿಫೈಯರನ್ನು ರಿಪೇರಿ ಮಾಡಿಸಿದ್ದಾಯಿತು. ಉಳಿದದ್ದು ಸ್ಪೀಕರು. ಸೋಮವಾರ ಬೆಳಿಗ್ಗೆ ಸುಟ್ಟ ಸ್ಪೀಕರನ್ನು ಪೆಟ್ಟಿಗೆಯಿಂದ ಬಿಚ್ಚಿ, ಧೋತರದ ತುಂಡಿನಲ್ಲಿ ಸುತ್ತಿ, ಎದೆಗವಚಿಕೊಂಡು ಹೊರಬಂದ. ಅಂಗಡಿಯ ಬಾಗಿಲಲ್ಲಿ ಕಲ್ಲಯ್ಯ ಮಾಸ್ತರರು ಕೂತಿದ್ದರು. ನಿವೃತ್ತರಾದ ದಿನದಿಂದ ಅವರು ಓದುವುದು ಗುರುಪುತ್ರಪ್ಪನ ಅಂಗಡಿಯ ಪೇಪರನ್ನೇ. ಅವರು ಓದಿ ಮುಗಿಸುವಷ್ಟರಲ್ಲಿ ಸಂಜೆಯಾಗುತ್ತಿದ್ದರಿಂದ ಗುರುಪುತ್ರಪ್ಪನಿಗೆ ಪೇಪರ್ ಓದಿ ಎಷ್ಟು ವರ್ಷವಾಯಿತೋ ನೆನಪಿರಲಿಲ್ಲ.

"ಏನ್ರಿ ಅದು, ಕೂಸು ಹಿಡಕೊಂಡಂಗ ಹಿಡಕೊಂಡೀರಿ?"

"ಸ್ಪೀಕರ್ರಿ ಸರ. ಸುಟ್ಟೈತಿ. ಹೊಸಾದ ತರಬೇಕು."

"ಯಾತಕ್ಕ?"

ಗಿಟಾರಿಗೆ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬುತ್ತಿ ಹಿಡಿದುಕೊಂಡು ನಾಗರತ್ನಾ ಮೆಟ್ಟಿಲು ಹತ್ತುತ್ತಿದ್ದಳು. ಗುರುಪುತ್ರಪ್ಪನ ಕಿವಿ ಕೆಂಪಾದವು, ಕನ್ನಡಕ ಜಾರಿತು.

"ಇದು... ಹಿಂಗ... ಸಮಾಜದ ಕೆಲಸಕ್ಕರಿ" ಎಂದುಬಿಟ್ಟ.

ಕಲ್ಲಯ್ಯ ಮಾಸ್ತರರು ಪೇಪರನ್ನು ನಾಲ್ಕು ಮಡಿಕೆ ಮಡಿಚಿದರು. ಗುರುಪುತ್ರಪ್ಪನನ್ನು ನೋಡಿದರು, ನಾಗರತ್ನಾಳನ್ನು ನೋಡಿದರು, ಮತ್ತೆ ಸ್ಪೀಕರನ್ನು ನೋಡಿದರು. ಪಾಲಿಕೆಯ ಚುನಾವಣೆ ಇನ್ನೇನು ಬಂತು ಎನ್ನುವ ಕಾಲ. ಇಪ್ಪತ್ತೈದು ವರ್ಷ ಯಾರ ತಂಟೆಗೂ ಹೋಗದವನು ಒಮ್ಮಿಂದೊಮ್ಮೆ ಸಮಾಜದ ಕೆಲಸ ಅನ್ನುತ್ತಾನೆ, ಕೈಯಲ್ಲಿ ಸ್ಪೀಕರು! ಇದಕ್ಕೆ ನಮ್ಮೂರಲ್ಲಿ ಇರುವುದು ಒಂದೇ ಅರ್ಥ.

"ಚಲೋ ಮಾಡಿದ್ರಿ" ಎಂದರು ಮಾಸ್ತರರು. "ಹಿಂತಾವ್ರು ಮುಂದ ಬರಬೇಕ್ರಿ."

ಇದೇನು ಮಾತು ಎಂದು ಗುರುಪುತ್ರಪ್ಪನಿಗೆ ತಿಳಿಯಲಿಲ್ಲ. ನಾಗರತ್ನಾ ಮಾತ್ರ ಬುತ್ತಿ ಇಟ್ಟು, ಗಂಡನನ್ನು ಒಂದು ನಮೂನೆ ನೋಡಿ ಹೋದಳು.

ಗಣಪತಗಲ್ಲಿಯ ಸಂದಿಯಲ್ಲಿ ಜಿನಪ್ಪನ ಸ್ಪೀಕರಿನ ಅಂಗಡಿ. ಗಣೇಶ ಮಂಡಳದವರು, ಭಜನೆಯವರು, ಆಟೋದವರು ಎಲ್ಲರೂ ಅವನ ಗಿರಾಕಿಗಳು. ಜಿನಪ್ಪ ಕೇಳುವ ಮೊದಲೇ ಒಂದು ಪರಾತದಷ್ಟು ದೊಡ್ಡ ಸ್ಪೀಕರನ್ನು ಎತ್ತಿ ತಂದ.

"ಹದಿನೆಂಟ ಇಂಚ ಐತ್ರಿ. ಹಚ್ಚಿದ್ರಂದ್ರ ಬಾಜು ಮನಿ ಹಂಚು ಕೆಳಗ ಬೀಳಬೇಕು."

"ಹಂಚು ಬೀಳೂದು ಬ್ಯಾಡ್ರಿ" ಎಂದು ಗುರುಪುತ್ರಪ್ಪ ಆಚೀಚೆ ನೋಡಿ, ದನಿ ತಗ್ಗಿಸಿ, "ಗಿಟಾರಿಗೆ ಬೇಕಾಗೈತಿ. ಯಾರಿಗೂ ಹೇಳಬ್ಯಾಡ್ರಿ" ಎಂದ.

ಕಳ್ಳಮಾಲು ಕೇಳಿದವನಂತೆ ಅವನು ಪಿಸುಗುಟ್ಟಿದ್ದನ್ನು ನೋಡಿ ಜಿನಪ್ಪನೂ ದನಿ ತಗ್ಗಿಸಿದ. ಗಿಟಾರಿನ ಸ್ಪೀಕರೇ ಬೇರೆ ಜಾತಿ ಎಂದು ತಿಳಿಸಿ ಹೇಳಿದ. ಹಾಡು ಕೇಳುವ ಸ್ಪೀಕರು ಇದ್ದದ್ದನ್ನು ಇದ್ದಂತೆ ಒದರುತ್ತದೆ. ಅದಕ್ಕೆ ಗಿಟಾರ್ ಹಚ್ಚಿದರೆ ತಂತಿಯ ದನಿಯ ಮುಳ್ಳೆಲ್ಲ ಕಿವಿಗೆ ಚುಚ್ಚುತ್ತವೆ. ಗಿಟಾರಿನದು ಆ ಮುಳ್ಳು ಸವರಿ, ನಡುವಿನ ದನಿಯನ್ನು ತುಂಬಿ ಕೊಡುತ್ತದೆ.

"ನಿಮ್ಮ ಆಂಪ್ಲಿಫೈಯರ್ ಎಷ್ಟ ವ್ಯಾಟಿಂದ್ರಿ?"

"ಮೂವತ್ತು."

"ಹಂಗಾರ ಸ್ಪೀಕರ್ ಐವತ್ತು ಅರವತ್ತು ವ್ಯಾಟಿನದ ಇರಬೇಕು. ನೀವು ತಂದ ಈ ಸುಟ್ಟಿದ್ದು ಹದಿನೈದರದು, ಅದಕ್ಕ ಸತ್ತೈತಿ ಅದು. ಓಮ್ ಎಷ್ಟು?"

ಗುರುಪುತ್ರಪ್ಪ ಕಣ್ಣು ಮಿಟುಕಿಸಿದ. ಓಮ್ ಎಂಬುದು ಅವನಿಗೆ ದೇವರ ಕೋಣೆಯಲ್ಲಿ ಮಾತ್ರ ಗೊತ್ತಿತ್ತು. ಜಿನಪ್ಪ ಹಣೆ ಚಚ್ಚಿಕೊಂಡು, ಆಂಪ್ಲಿಫೈಯರಿನ ಹಿಂದೆ ಬರೆದಿರುವ ಅಂಕಿಯೂ ಸ್ಪೀಕರಿನ ಮೇಲಿನ ಅಂಕಿಯೂ ಒಂದೇ ಇರಬೇಕು ಎಂದು ಬಿಡಿಸಿ ಹೇಳಿದ. ತನ್ನ ಅಂಗಡಿಗೆ ಎರಡು ಸಲ ಸ್ಕೂಟರ್ ಓಡಿಸಿದ ಮೇಲೆ ಎಂಟು ಎಂದು ಗೊತ್ತಾಯಿತು. ಮೊದಲನೆಯ ಸಲ ಕನ್ನಡಕ ಮರೆತು ಹೋಗಿದ್ದ.

ಕೊನೆಗೆ ಹನ್ನೆರಡು ಇಂಚಿನವು ಎರಡು ಉಳಿದವು. ಒಂದರ ದನಿ ಗಡಸು, ಖಡಕ್, ಎಷ್ಟು ಒತ್ತಿದರೂ ಕೆಡುವುದಿಲ್ಲ. ಇನ್ನೊಂದು ಮೆದು, ಸ್ವಲ್ಪ ಒತ್ತಿದರೆ ದನಿ ತಾನೇ ತುಸು ಕರಗಿ ಹಿತವಾಗುತ್ತದೆ. ಯಾವುದನ್ನು ಆರಿಸುವುದು? ಗುರುಪುತ್ರಪ್ಪ ಇದನ್ನು ಮುಟ್ಟಿದ, ಅದನ್ನು ಮುಟ್ಟಿದ, ಬೆವತ.

"ಎರಡೂ ಒಯ್ರಿ" ಎಂದ ಜಿನಪ್ಪ. "ನಮ್ಮ ಅಣ್ಣನ ಅಂಗಡ್ಯಾಗ ಸೀರಿ ಪಸಂತಿಗೆ ಮನಿಗೆ ಒಯ್ಯಂಗಿಲ್ಲೇನು? ಹಂಗ. ಹಚ್ಚಿ ಕೇಳ್ರಿ, ಬ್ಯಾಡಾದ್ದು ತಿರುಗಿ ತಂದಕೊಡ್ರಿ."

ಎರಡೂ ಡಬ್ಬಿಗಳನ್ನು ಸ್ಕೂಟರಿನ ಹಿಂದೆ ಮುಂದೆ ಕಟ್ಟಿಕೊಂಡು ಅವನು ಟಿಳಕವಾಡಿಯಲ್ಲಿ ಇಳಿದಾಗ ಕಲ್ಲಯ್ಯ ಮಾಸ್ತರರು ಚಹದಂಗಡಿಯಲ್ಲಿ ನಾಲ್ಕು ಮಂದಿಯ ನಡುವೆ ನಿಂತಿದ್ದರು. "ನೋಡ್ರಿ, ಎರಡು ತಂದಾರು! ಆಟೋದ ಮುಂದೊಂದು, ಹಿಂದೊಂದು. ತಯಾರಿ ಅಂದ್ರ ಹಿಂಗಿರಬೇಕು" ಎಂದರು. ಸಂಶಯ ಇದ್ದವರಿಗೂ ಅಲ್ಲಿಗೆ ಖಾತ್ರಿಯಾಯಿತು.

ಮಂಗಳವಾರದಿಂದ ಅಂಗಡಿಗೆ ಬಂದವರು ಕನ್ನಡಕ ಕೇಳಲಿಲ್ಲ. ಒಬ್ಬರು ಬೀದಿದೀಪ ಕೇಳಿದರು, ಒಬ್ಬರು ನೀರು ಕೇಳಿದರು, ಒಬ್ಬರು ತಮ್ಮ ಓಣಿಯ ನಾಯಿಗಳ ಬಗ್ಗೆ ಒಂದು ತಾಸು ಮಾತಾಡಿದರು. ಚಹದಂಗಡಿಯವನು ಕೇಳದೇ ಚಹ ಕಳಿಸಿದ, ಅದೂ ಖಡಕ್ ಚಹ. ಚುನಾವಣೆಗೆ ತಾನು ನಿಲ್ಲುತ್ತೇನೆಂದು ಇವರು ತಿಳಿದುಕೊಂಡಿದ್ದಾರೆ ಎಂದು ಗುರುಪುತ್ರಪ್ಪನಿಗೆ ಹೊಳೆದದ್ದು ಬುಧವಾರ ಮಧ್ಯಾಹ್ನ. ಕೂಡಲೇ ಇಲ್ಲ ಎನ್ನಬೇಕಿತ್ತು. ಆದರೆ ಇಲ್ಲ ಎಂದರೆ ಸ್ಪೀಕರು ಯಾಕೆ ಎಂದು ಕೇಳುತ್ತಾರೆ, ಗಿಟಾರಿಗೆ ಎನ್ನಬೇಕಾಗುತ್ತದೆ, ಅದು ನಾಗರತ್ನಾಳಿಗೆ ಮುಟ್ಟುತ್ತದೆ. ಇನ್ನು ನಾಲ್ಕು ದಿನ ತಡೆದರಾಯಿತು. ಇದು ಅವನು ತನಗೆ ತಾನೇ ಹೇಳಿಕೊಂಡ ಕಾರಣ. ಖರೇ ಹೇಳಬೇಕೆಂದರೆ, ಜೀವಮಾನದಲ್ಲಿ ಮೊದಲ ಸಲ ಮಂದಿ ಅವನನ್ನು ಕಂಡು ಎದ್ದು ನಿಲ್ಲುತ್ತಿದ್ದರು. ಅದು ಅವನಿಗೆ ಬಹಳ ಸೇರಿತು.

ಗುರುವಾರ ಪಾಲಿಕೆಯ ಆರೋಗ್ಯ ಇನ್ಸ್‌ಪೆಕ್ಟರು ಆರು ಆಳುಗಳೊಂದಿಗೆ ಬಂದಿಳಿದು ಅಂಗಡಿಯ ಮುಂದಿನ ಗಟಾರವನ್ನು ತಳ ಕಾಣುವಂತೆ ಬಳಿಸಿದರು. ಗುರುಪುತ್ರಪ್ಪ ಆರು ವರ್ಷದಲ್ಲಿ ಕೊಟ್ಟ ಹನ್ನೊಂದು ಅರ್ಜಿಗಳಿಗೆ ಸಿಗದ ಇನ್ಸ್‌ಪೆಕ್ಟರು ಈಗ ತಾವೇ ಕೈಮುಗಿದು, "ನಮ್ಮ ಮ್ಯಾಲೆ ಲಕ್ಷ್ಯ ಇರಲಿ ಸಾಹೇಬ್ರ. ಅಕ್ಕಾರಿಗೂ ಹೇಳ್ರಿ, ಇಂಥಾವ ಬಂದಿದ್ದಾ ಅಂತ" ಎಂದರು.

"ಯಾವ ಅಕ್ಕಾರಿಗೆ?"

"ಮನ್ಯಾಗಿನ ಅಕ್ಕಾರಿಗ್ರಿ" ಎಂದು ಇನ್ಸ್‌ಪೆಕ್ಟರು ನಕ್ಕು ಹೋದರು. ಮನೆಯವಳನ್ನೂ ನೆನೆಯುತ್ತಾರಲ್ಲ, ಎಂಥ ಸಭ್ಯಸ್ಥ ಎಂದುಕೊಂಡ ಗುರುಪುತ್ರಪ್ಪ. ಊರಿಗೆಲ್ಲ ಕನ್ನಡಕ ಕೊಡುವವನಿಗೆ ಕಣ್ಣ ಮುಂದಿನದು ಕಾಣಲಿಲ್ಲ.

ಇಷ್ಟರಲ್ಲಿ ಎರಡು ಸ್ಪೀಕರುಗಳಲ್ಲಿ ಯಾವುದು ಎಂಬುದು ಹಾಗೇ ಉಳಿದಿತ್ತು. ತಾನೇ ಬಾರಿಸಿ ತಾನೇ ಕೇಳಿದರೆ ಎರಡೂ ಚೆನ್ನಾಗಿಯೇ ಕೇಳುತ್ತಿದ್ದವು. ಬೇರೆಯವರ ಕಿವಿ ಬೇಕು. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಕಣ್ಣಿಗೆ ಒಂದು ಗಾಜು ಹಾಕಿ, ತೆಗೆದು ಇನ್ನೊಂದು ಹಾಕಿ, ಇದು ಚಲೋನೋ ಅದು ಚಲೋನೋ ಎಂದು ಕೇಳುವುದು. ಶುಕ್ರವಾರ ಕಣ್ಣು ತೋರಿಸಲು ಬಂದ ಸುಂದರಾಬಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ಫ್ರೇಮನ್ನು ಮೂಗಿಗೆ ಏರಿಸಿ, "ಅಕ್ಷರದ ಪಟ ನೋಡಕೋತ ಕುಂದರ್ರಿ ಬಾಯಾರ" ಎಂದು ಪಡದೆಯ ಹಿಂದೆ ಹೋದ. ಗಡಸು ಸ್ಪೀಕರು ಪೆಟ್ಟಿಗೆಯಲ್ಲಿತ್ತು. ಟಂಯ್ ಎಂದು ಒಂದು ಮೀಟು ಮೀಟಿದ. ಸುಂದರಾಬಾಯಿ ಕುರ್ಚಿಯಿಂದ ನಾಲ್ಕು ಬೆರಳು ಮೇಲೆದ್ದರು. ತಿರುಪು ಬಿಚ್ಚಿ ಮೆದು ಸ್ಪೀಕರನ್ನು ಕೂರಿಸಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವರಿಗೆ ಒಂದು ಚಹ ಆಯಿತು. ಮತ್ತೆ ಟಂಯ್.

"ಹೇಳ್ರಿ ಬಾಯಾರ, ಮೊದಲನೇದ ಚಲೋನೋ, ಎರಡನೇದ ಚಲೋನೋ?"

ಸುಂದರಾಬಾಯಿ ಪಟವನ್ನು ದಿಟ್ಟಿಸಿ ನೋಡಿ, "ಎರಡನೇದ್ದರಾಗ ಕಟ್ಟಕಡೀ ಸಾಲು ಸುದ್ದಾ ಕಾಣಾಕ್ಹತ್ತೈತ್ರಿ!" ಎಂದರು.

ಗಾಜನ್ನು ಬದಲಿಸಿರಲೇ ಇಲ್ಲ! ಗುರುಪುತ್ರಪ್ಪ ಹಿರಿಹಿರಿ ಹಿಗ್ಗಿದ. ಕಣ್ಣನ್ನೇ ತಿದ್ದುವ ಸ್ಪೀಕರಿಗಿಂತ ಮೇಲಿನದು ಬೆಳಗಾವಿಯಲ್ಲಿ ಎಲ್ಲಿ ಸಿಗಬೇಕು? ಮೆದುವಾದದ್ದೇ ಖಾಯಂ ಎಂದು ನಾಲ್ಕೂ ತಿರುಪು ಬಿಗಿದ. ಸುಂದರಾಬಾಯಿ ಹೊರಗೆ ಹೋಗಿ, ಪ್ರಚಾರದ ಹಾಡಿಗೆ ವಾದ್ಯದ ತಾಲೀಮು ನಡೆದಿದೆ ಎಂದು ಮೂರು ಓಣಿಗೆ ಸಾರಿದರು.

ಆ ವಾರ ನಾಗರತ್ನಾಳ ರೀತಿಯೂ ಬದಲಾಗಿತ್ತು. ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಏನೋ ಗುಣುಗುಣು ಎನ್ನುತ್ತಿದ್ದಳು. ಅವನು ಒಳಗೆ ಹೋದರೆ ಸುಮ್ಮನಾಗಿ ರೊಟ್ಟಿ ತಟ್ಟುತ್ತಿದ್ದಳು. ಓಣಿಯ ಹೆಣ್ಣುಮಕ್ಕಳು ಮಧ್ಯಾಹ್ನ ಬಂದು ಸಂಜೆಯ ತನಕ ಕೂರುತ್ತಿದ್ದರು. ಶನಿವಾರ ಊಟಕ್ಕೆ ಬಡಿಸುತ್ತ ಕೇಳಿದಳು:

"ಏನ್ರಿ, ನನಗ ಹೇಳೂದು ಏನರೆ ಐತೇನು?"

ಗುರುಪುತ್ರಪ್ಪ ಎತ್ತಿದ ತುತ್ತನ್ನು ಮತ್ತೆ ತಾಟಿಗಿಟ್ಟ. "ನಾಳಿ... ನಾಳಿ ಗೊತ್ತಾಗತೈತಿ."

"ನನಗ ಗೊತ್ತಾಗೇತಿ ಬಿಡ್ರಿ" ಎಂದು ಅವಳು ನಕ್ಕು, ಎರಡು ಚಮಚ ತುಪ್ಪ ಹೆಚ್ಚಿಗೆ ಹಾಕಿದಳು. ಆ ನಗುವನ್ನು ಕಂಡು ಅವನ ಎದೆ ಹೂವಾಯಿತು. ಗಿಟಾರಿನ ಗುಟ್ಟು ಗೊತ್ತಾದರೂ ಸಿಟ್ಟಾಗಿಲ್ಲ, ಸಾಕು.

ರವಿವಾರ ಬೆಳಿಗ್ಗೆ ಪೆಟ್ಟಿಗೆ, ಆಂಪ್ಲಿಫೈಯರು, ಗಿಟಾರು ಎಲ್ಲವನ್ನೂ ಚಾದರ ಮುಚ್ಚಿ ಗೂಡ್ಸ್ ಆಟೋದಲ್ಲಿ ಮುಂದೆ ಕಳಿಸಿ, ಗಂಡಹೆಂಡತಿ ಬಸ್ಸಿನಲ್ಲಿ ಹೊರಟರು. ದೇಸೂರು ದಾಟಿದ ಮೇಲೆ ಹಿಂದಿನಿಂದ ಎರಡು ಟೆಂಪೋ ಹಾರ್ನ್ ಹೊಡೆಯುತ್ತ ಬಂದವು. ಒಳಗೆ ನೋಡಿದರೆ ಇಡೀ ವಾರ್ಡು! ಕಲ್ಲಯ್ಯ ಮಾಸ್ತರರು ಮುಂದಿನ ಸೀಟಿನಿಂದ ಕೈ ಬೀಸಿದರು.

"ಇವರ‍್ಯಾಕ ಬಂದಾರು?" ಎಂದ ಗುರುಪುತ್ರಪ್ಪ.

"ಊಟಕ್ಕ ಕರದ ಮ್ಯಾಲೆ ಬರಲಾರದ ಇರತಾರೇನು?" ಎಂದಳು ನಾಗರತ್ನಾ, ಸೆರಗು ಸರಿಮಾಡಿಕೊಂಡು.

ಖಾನಾಪುರದಲ್ಲಿ ಮೈಲಾರಲಿಂಗನ ಹಂಚಿನ ಕಾರ್ಖಾನೆಯ ಅಂಗಳಕ್ಕೆ ಹಂದರ ಹಾಕಿತ್ತು. ಹಂದರದ ಮುಂದೆ ಮಾಸ್ತರರು ಮೊದಲೇ ಕಳಿಸಿಕೊಟ್ಟಿದ್ದ ಆಳೆತ್ತರದ ಬ್ಯಾನರು, ಕನ್ನಡ ಮರಾಠಿ ಎರಡರಲ್ಲೂ ಬರೆಸಿದ್ದು. ನಡುವೆ ಕೈಮುಗಿದ ಫೋಟೋ. ಗುರುಪುತ್ರಪ್ಪ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಫೋಟೋ ನಾಗರತ್ನಾಳದು! 'ನಿಮ್ಮ ಸೇವೆಗಾಗಿ ನಾಗರತ್ನಾ ಅಕ್ಕ' ಎಂದು ತೋಳಿನಷ್ಟು ದಪ್ಪ ಅಕ್ಷರ. ಕೆಳಗಿನ ಮೂಲೆಯಲ್ಲಿ, ಶುಭ ಕೋರುವವರ ಸಾಲಿನಲ್ಲಿ, ಆರನೆಯವನಾಗಿ, ಅಂಚೆಚೀಟಿಯಷ್ಟು ಗುರುಪುತ್ರಪ್ಪ.

"ಮಾಸ್ತರ, ಇದೇನಿದು? ನಿಲ್ಲಾವ ನಾ ಅಲ್ಲೇನು?"

"ನೀವು ಹೆಂಗ ನಿಲ್ತೀರಿ? ನಮ್ಮ ವಾರ್ಡು ಈ ಸಲ ಹೆಣಮಕ್ಕಳಿಗೆ ಮೀಸಲ ಆಗೇತಿ. ಪೇಪರ್ ಓದಂಗಿಲ್ಲೇನ್ರಿ ನೀವು?" ಎಂದು ಮಾಸ್ತರರು ಬೈದರು. "ಎಲ್ಲಾ ಗಂಡಂದಿರು ಹೆಂಡತಿ ಹೆಸರಿಲೆ ತಾವ ಕುಣೀತಾರ. ನೀವು ಮಾತ್ರ ಸುಮ್ಮನ ಹಿಂದ ನಿಂತು ಸ್ಪೀಕರ್ ತಂದುಕೊಟ್ರಿ. ಅದಕ್ಕ ಅವತ್ತ ಚಲೋ ಮಾಡಿದ್ರಿ ಅಂದಿದ್ದು."

ಓಡಿಹೋಗಿ ನಾಗರತ್ನಾಳಿಗೆ ಎಲ್ಲ ಹೇಳಬೇಕು ಎಂದು ಗುರುಪುತ್ರಪ್ಪ ತಿರುಗಿದ. ಅವಳು ಆಗಲೇ ವೇದಿಕೆ ಹತ್ತಿದ್ದಳು. ಮೈಕಿನ ಬಾಡಿಗೆಯವನು ಬಂದಿರಲಿಲ್ಲ. ಉತ್ಸಾಹಿ ಮೈಲಾರಲಿಂಗ ಭಜನೆಯ ಮೈಕನ್ನು ತಂದು, ಚಾದರ ಸರಿಸಿ, ಭಾವನ ಆಂಪ್ಲಿಫೈಯರಿಗೇ ಚುಚ್ಚಿದ್ದ. ವಾರವೆಲ್ಲ ಓಡಾಡಿ ಆರಿಸಿದ ಸ್ಪೀಕರಿನಿಂದ ಮಂದಿಯ ಎದುರು ಹೊರಬಂದ ಮೊದಲ ದನಿ ನಾಗರತ್ನಾಳದು. ಮುಳ್ಳು ಸವರಿದ, ತುಂಬಿದ ದನಿ.

"ಎಲ್ಲಾರಿಗೂ ಶರಣು. ನನಗ ಮಾತಾಡಾಕ ಬರಂಗಿಲ್ಲ ಅಂತ ನಾನ ತಿಳಕೊಂಡಿದ್ದೆ. ಮನ್ಯಾಗೂ ಯಾರೂ ಕೇಳಿರಲಿಲ್ಲ. ಇವರು ಒಂದ ಮಾತು ಆಡಲಿಲ್ಲ, ಕದ್ದು ಕದ್ದು ನನ್ನ ಸಲುವಾಗಿ ಸ್ಪೀಕರ್ ತಂದ್ರು. ನನ್ನ ಮಾತು ನಾಕ ಮಂದಿ ಕೇಳಬೇಕು ಅಂತ ಇವರಿಗೆ ಅನಸ್ತಲಾ, ಇಪ್ಪತ್ತೈದು ವರ್ಷಕ್ಕ ಇದಕ್ಕಿಂತ ದೊಡ್ಡದು ನನಗ ಏನು ಬೇಕು?"

ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಅವಳು ನೀರಿನ ಬಗ್ಗೆ ಮಾತಾಡಿದಳು. ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು, ಯಾರ ಮನೆಯ ಮುಂದೆ ಕೊಳವೆ ಒಡೆದಿದೆ, ಎಲ್ಲ ಬೆರಳ ತುದಿಯಲ್ಲಿತ್ತು. ಗುರುಪುತ್ರಪ್ಪ ಬಾಯಿ ತೆರೆದುಕೊಂಡು ಕೇಳಿದ. ಇವಳು ಇಷ್ಟು ಚೆನ್ನಾಗಿ ಮಾತಾಡುತ್ತಾಳೆ ಎಂದು ಅವನಿಗೆ ಗೊತ್ತೇ ಇರಲಿಲ್ಲ, ಅದಕ್ಕೆ ನಾಚಿಕೆಯಾಯಿತು. ಗಿಟಾರಿನ ಮಾತನ್ನು ಈ ಜನ್ಮದಲ್ಲಿ ಎತ್ತಬಾರದು ಎಂದು ಅಲ್ಲೇ ನಿಶ್ಚಯಿಸಿದ.

ಅವನು ನಿಶ್ಚಯಿಸಿದರೇನು? ವೇದಿಕೆಯ ಬದಿಗೆ ಕೂತಿದ್ದ ಅತ್ತೆ ಬಾಳವ್ವ ಚಾದರವನ್ನು ಎಳೆದು ಮೊಳಕಾಲ ಮೇಲೆ ಹೊದ್ದುಕೊಳ್ಳಲು ನೋಡಿದಳು. ಅದರ ಕೆಳಗಿನಿಂದ ಗಿಟಾರು ಉರುಳಿ, ಮೈಕಿನ ಪಕ್ಕದಲ್ಲೇ ಝಣ್ ಎಂದು ಬಿತ್ತು.

"ಅಳ್ಯಾರ, ಇದು ನಿಮ್ಮ ಮದಿವ್ಯಾಗಿಂದಲ್ಲ? ಸುಟ್ಟಿದ್ದು? ಇದನ್ಯಾಕ ತಂದ್ರಿ?"

ನಾಗರತ್ನಾ ಗಿಟಾರನ್ನು ನೋಡಿದಳು, ಅದರ ವೈರನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. ಗಂಡನ ಕಿವಿಗಳನ್ನು ನೋಡಿದಳು. ಅವು ಬೆಂಕಿಯಂತೆ ಕೆಂಪಾಗಿದ್ದವು. ಅವಳ ಮುಖ ಒಂದು ಗಳಿಗೆ ಬಾಡಿತು.

"ಸ್ಪೀಕರ್ ಇದಕ್ಕ ತಂದಿದ್ರಿ?"

"ಹೌದ" ಎಂದ ಗುರುಪುತ್ರಪ್ಪ. ಇನ್ನೊಂದು ಸುಳ್ಳು ಹೇಳುವ ತಾಕತ್ತು ಅವನಲ್ಲಿ ಉಳಿದಿರಲಿಲ್ಲ. "ನಿನ್ನ ಸಲುವಾಗಿನ. ಅವತ್ತ ಕೇಳತೇನಿ ಅಂದಿದ್ದೆಲಾ. ತಪ್ಪಾತು ರತ್ನಾ. ನೀ ನಿಲ್ಲಾಕತ್ತಿ ಅಂತ ನನಗ ದೇವರಾಣಿ ಗೊತ್ತಿರಲಿಲ್ಲ."

ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕೂತರು. ಮೈಲಾರಲಿಂಗ ಏನು ಮಾಡಬೇಕೋ ತಿಳಿಯದೆ ನೀರಿನ ಕೊಡದ ಹತ್ತಿರ ಹೋಗಿ ನಿಂತ. ನಾಗರತ್ನಾ ಮೈಕಿನ ವೈರನ್ನು ತಾನೇ ಕಿತ್ತಳು, ಗಿಟಾರಿನ ವೈರನ್ನು ಚುಚ್ಚಿದಳು, ಗಿಟಾರನ್ನು ಎತ್ತಿ ಗಂಡನ ಕೊರಳಿಗೆ ಹಾಕಿದಳು.

"ಬಾರಸ್ರಿ."

ಬಾರಿಸಿದ. ಎರಡು ಕಡೆ ತಪ್ಪಿತು, ಮೂರನೆಯ ಕಡೆ ಧಾಟಿಯೇ ಮರೆತು ಮೊದಲಿನಿಂದ ಶುರುಮಾಡಿದ. ಆದರೆ ಸ್ಪೀಕರು ಫಟ್ ಅನ್ನಲಿಲ್ಲ. ಒಳ್ಳೆ ಕಾಯಿಸಿದ ಹಾಲಿನಂತೆ ದನಿ ಅಂಗಳದ ತುಂಬ ಹರಡಿತು. ನಾಗರತ್ನಾ ಪೂರ್ತಿ ಕೇಳಿದಳು. ಕೇಳುತ್ತ ಕಣ್ಣಲ್ಲಿ ನೀರು ತಂದುಕೊಂಡಳು, ಅವನು ಇನ್ನೊಮ್ಮೆ ತಪ್ಪಿದಾಗ ಸೆರಗಿನಿಂದ ಬಾಯಿ ಮುಚ್ಚದೆಯೇ ಜೋರಾಗಿ ನಕ್ಕಳು.

ಮುಗಿದ ಮೇಲೆ ಗಿಟಾರಿನ ವೈರು ಕಿತ್ತು ಮತ್ತೆ ಮೈಕು ಚುಚ್ಚಿದಳು.

"ಕೇಳಿದ್ರೆಲ್ಲಾ? ಇವರು ಬಾರಸೂದಕ್ಕಿಂತ ನಾ ಮಾತಾಡೂದ ಚಲೋ ಐತಿ. ನಾ ನಿಂತೇನಿ. ಓಟು ನನಗ ಹಾಕ್ರಿ."

ಹಂದರ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಮೊದಲು ಶುರುಮಾಡಿ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದವನು, ಕೊರಳಲ್ಲಿ ಗಿಟಾರ್ ಹಾಕಿಕೊಂಡಿದ್ದ ಗುರುಪುತ್ರಪ್ಪ.